ಪಾಳಿ

ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಮಾತು:
ಕೆಲಸಕ್ಕೆ ಹೋಗುವುದೂ ಪಾಳಿ,
ಮೇಜಿನ ಸುತ್ತ ಕೂತು ವಚನ ಓದುವುದೂ ಪಾಳಿ.
ದೇವದಾನನದು ಬೆಳಗಿನ ನಾಲ್ಕಕ್ಕೆ, ಮೀನು ಹೆಚ್ಚುವ ಕಾರ್ಖಾನೆ.
ನನ್ನದು ರಾತ್ರಿ ಎಂಟಕ್ಕೆ, ಮುದುಕರ ವಾರ್ಡು.
ಗ್ರಿಮ್ಸ್‌ಬಿಯ ಈ ಬಾಡಿಗೆ ಮನೆಯಲ್ಲಿ
ನಾಲ್ವರೂ ಒಟ್ಟಿಗೆ ಎಚ್ಚರವಿರುವುದು
ಬುಧವಾರ, ಆರೂವರೆಯಿಂದ ಏಳೂಕಾಲು.

ಇಸ್ತ್ರಿ ಬಟ್ಟೆ ಸರಿಸಿ, ಸಾಸಿನ ಬಾಟಲಿ ಸರಿಸಿ
ಬೆಟಗೇರಿಯ ಅಜ್ಜಿಯ ಪುಸ್ತಕ ಇಡುತ್ತೇವೆ.
ರಟ್ಟು ಕಿತ್ತುಹೋಗಿ, ಖಣದ ತುಂಡಿನ ಅಂಗಿ ತೊಟ್ಟಿದೆ.
ಹಾಳೆ ತಿರುವಿದರೆ ಇನ್ನೂ ಅವಳ ಟ್ರಂಕಿನ
ನುಸಿಗುಳಿಗೆಯ ವಾಸನೆ.

ಪ್ರೇರಣಾಗೆ ಎಂಟು ವರ್ಷ. ಅವಳಿಗೆ ಅಕ್ಷರವೆಲ್ಲ ಜನ.
"ಇದು ಯಾರು, ಕೆಳಗ?" ಎಂದು ಬೆರಳಿಟ್ಟು ಕೇಳಿದಳು ಒಮ್ಮೆ.
ಒತ್ತಕ್ಷರ, ಅಂದೆ.
"ಅಲ್ಲಾ, ಕೂಸು. ಅಮ್ಮ ಕೆಲಸಕ್ಕ ಹೊಂಟಾಳ,
ಅದು ಕಾಲು ಹಿಡಕೊಂಡದ."
ಅಂದಿನಿಂದ ನನಗೂ ಹಾಗೇ ಕಾಣುತ್ತದೆ,
ಅಪ್ಪ ಎನ್ನುವಲ್ಲಿ, ಅಮ್ಮ ಎನ್ನುವಲ್ಲಿ,
ಹೊತ್ತಾಯಿತು ಎನ್ನುವಲ್ಲಿ.

ಆ ಬುಧವಾರ ಎಬೆನ್ ಕುರ್ಚಿಯನ್ನು
ಎರಡು ಗೇಣು ದೂರಕ್ಕೆ ಎಳೆದುಕೊಂಡು ಕೂತ.
ಸೋಮವಾರ ಶಾಲೆಯಿಂದ ಫೋನು ಬಂದಿತ್ತು.
ಮಂಗಳವಾರ ಅಪ್ಪನೇ ಹೋಗಿ
ಫುಟ್‌ಬಾಲ್ ತಂಡದಿಂದ ಅವನ ಹೆಸರು ತೆಗೆಸಿ ಬಂದಿದ್ದ.
ಹದಿನೈದು ವರ್ಷದವನ ಮೌನ ಎಷ್ಟು ಜಾಗ ತಿನ್ನುತ್ತದೆಂದು
ಇಂಥ ಸಣ್ಣ ಅಡಿಗೆಮನೆಯಲ್ಲೇ ತಿಳಿಯಬೇಕು.

ಪುಟ ನಾವು ಆರಿಸಿದ್ದಲ್ಲ,
ಬಸ್ ಟಿಕೆಟ್ಟಿನ ಗುರುತು ಎಲ್ಲಿತ್ತೋ ಅಲ್ಲಿಂದ ಮುಂದೆ:
ಮುದುಕ ತಂದೆ, ಒಬ್ಬ ಮಗ, ಕತ್ತೆ, ಕಟ್ಟಿಗೆ, ಬೆಟ್ಟ.
ನಾನು ಕನ್ನಡದಲ್ಲಿ ಎರಡು ವಚನ ಓದಿದೆ.
ಎಬೆನ್ ಫೋನು ನೋಡಿ ಇಂಗ್ಲಿಷಿನಲ್ಲಿ ಎರಡು,
ರೈಲಿನ ವೇಳಾಪಟ್ಟಿ ಓದುವ ಹಾಗೆ.
ದೇವದಾನನ ಪಾಳಿ ಬಂತು.
ಎಲ್ಲ ತಂದೆವಲ್ಲ, ಕುರಿಯನ್ನೇ ಮರೆತೆವಾ ಎಂದು
ಹುಡುಗ ಕೇಳುವ ಜಾಗ.
ಅರ್ಧ ವಚನಕ್ಕೆ ಅವನ ಗಂಟಲು ನಿಂತಿತು.
ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ,
ಮತ್ತೆ ತೆಗೆದ.

ಎಬೆನ್ ಬೆರಳಾಡಿಸಿ ಕಥೆಯ ಕೊನೆಯವರೆಗೆ ಓಡಿದ.
"ಟಗರು ಸಿಗತದ. ಹುಡುಗ ಉಳೀತಾನ.
ಆದ್ರ ಬೆಟ್ಟ ಇಳಿಯೋವಾಗ ಇಬ್ರೂ ಮಾತಾಡಿದ್ರಾ?
ಇಲ್ಲೆ ಏನೂ ಬರದಿಲ್ಲ."

ನಾನೂ ಹುಡುಕಿದೆ. ನಿಜ, ಬರೆದಿಲ್ಲ.
ನಲವತ್ತು ವರ್ಷ ಕೇಳಿದ ಕಥೆ,
ಹತ್ತುವುದನ್ನಷ್ಟೇ ಕೇಳಿದ್ದೆ.
"ಕತ್ತಿ ಜೋಡಿ ಮಾತಾಡಿರಬೇಕು," ಅಂದಳು ಪ್ರೇರಣಾ.
ಯಾರೂ ನಗಲಿಲ್ಲ. ಏಳೂಕಾಲು. ನನ್ನ ಬಸ್ಸು.
ಕೋಟಿಗೆ ತೋಳು ತೂರಿಸುತ್ತ ಪ್ರಾರ್ಥನೆಯನ್ನು
ಅರ್ಧ ಒಳಗೆ, ಅರ್ಧ ಹೊಸ್ತಿಲಾಚೆ ಮುಗಿಸಿದೆ.

ಹನ್ನೊಂದನೇ ಹಾಸಿಗೆಯ ಮುದುಕ ರಾತ್ರಿಯಿಡೀ
ಯಾವನೋ ಕೀತ್‌ನನ್ನು ಕರೆದ.
ಮಗನೋ, ತಮ್ಮನೋ, ಕಡತದಲ್ಲಿರಲಿಲ್ಲ.
ನೀರು ಕುಡಿಸಿದೆ. ಬಂದೆ, ಅಂದೆ.

ಮನೆ ಮುಟ್ಟುವಾಗ ಎಂಟು. ದೇವದಾನ ಹೋಗಿ ನಾಲ್ಕು ತಾಸು.
ರೇಡಿಯೇಟರಿನ ಪಕ್ಕ ಎಬೆನ್‌ನ ಆಟದ ಬೂಟು,
ಅಡಿಯ ಮುಳ್ಳುಗಳ ನಡುವಿನ ಕೆಸರನ್ನು ಕಡ್ಡಿಯಿಂದ ಕೆರೆದು,
ತೊಳೆದು, ಹೊಟ್ಟೆಗೆ ಪೇಪರು ತುರುಕಿ ಇಟ್ಟದ್ದು.
ಅವನು ಮೆಟ್ಟಿಲಿಳಿದು ಬಂದ.
"ನೀ ತೊಳದಿ?"
ನಾನು ಇನ್ನೂ ಯೂನಿಫಾರಮ್ಮಿನಲ್ಲೇ ಇದ್ದೆ.
ಬೂಟೆತ್ತಿ ಲೇಸನ್ನು ಮೂಗಿಗೆ ಹಿಡಿದ:
ಮೀನು, ಮತ್ತು ಮೀನನ್ನು ಮರೆಸಲೆಂದು
ಅವರಪ್ಪ ಮೊಣಕೈವರೆಗೆ ಉಜ್ಜುವ ನಿಂಬೆ ಸೋಪು.
ತುಂಬ ಹೊತ್ತು ಹಿಡಿದೇ ಇದ್ದ.
ತಂಡದ ಮಾತು ಏನಾಯಿತೋ, ನಾನು ಕೇಳಲಿಲ್ಲ.

ಬ್ರೆಡ್ಡು ಮೆಲ್ಲುತ್ತ ಪ್ರೇರಣಾ ಅಂದಳು:
"ಮುಂದಿನ ಬುಧವಾರ ಮೊದಲ ಪಾಳಿ ನಂದು."
"ಇಲ್ಲ," ಅಂದ ಎಬೆನ್, ಬೆಣ್ಣೆಯ ಚಾಕು ಬಿಡದೆ,
"ಅಪ್ಪಂದು ಅರ್ಧಕ್ಕ ನಿಂತದ.
ಇನ್ನೂ ಅವರದ ಪಾಳಿ."